ಅಕ್ಕನ ನಾಲ್ಕನೇ ಮಹಡಿ

ಮಾರ್ಚ್ ೧೪, ಗುರುವಾರ

ಎದುರಿನ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಅರ್ಜಿಯನ್ನು ಬಡಾವಣೆಯ ಸಮಿತಿಯವರು ಇವತ್ತಿನ ಸಭೆಯಲ್ಲಿ ಮೂರನೇ ಸಲ ಮುಂದೂಡಿದರು. ನಕ್ಷೆಯೆಲ್ಲ ನಿಯಮದಂತೆಯೇ ಇದೆ. ಆದರೂ ಬೀದಿಯ ಅಂದಕ್ಕೆ ಒಪ್ಪುವುದಿಲ್ಲವಂತೆ. ಸ್ವಂತ ಮನೆಯಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಂದವಂತೆ ಅಂದ!

ಪ್ರತಿ ಕಟ್ಟಡಕ್ಕೂ ಸಮಿತಿಯ ಒಪ್ಪಿಗೆ ಬೇಕೆಂದು ಇಪ್ಪತ್ತು ವರ್ಷದ ಹಿಂದೆ ಬೀದಿಯಲ್ಲಿ ಗಂಟಲು ಹರಿದುಕೊಂಡವಳು ನಾನೇ. ಬಿಲ್ಡರುಗಳಿಗೆ ಕಡಿವಾಣ ಹಾಕಲು ಹೊರಟು ಬಾಡಿಗೆಯವರ ಬಾಗಿಲಿಗೆ ಅಗುಳಿ ಹಾಕಿದೆ.

ಅಲ್ಲಿ ನಾಲ್ಕನೇ ಮಹಡಿಯ ಬಾಡಿಗೆ ಮನೆಗೆ ಹೆಸರು ಬರೆಸಿರುವ ಅಕ್ಕ ಎರಡು ಬಸ್ಸು ಬದಲಿಸಿ ಸಭೆಗೆ ಬಂದಿದ್ದಳು. "ಕಿಟಕಿಯಿಂದಲೇ ನಿನ್ನ ಕೂಗಿ ಕರೆಯೋಣ ಅಂತಿದ್ದೆ ಕಣೇ. ನಿನ್ನ ಸಮಿತಿ ಕಿಟಕಿಗೇ ಒಪ್ಪಿಗೆ ಕೊಡ್ತಿಲ್ವಲ್ಲೇ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗಷ್ಟೇ ಅಡುಗೆಮನೆಯಲ್ಲಿ ನಿಂತು, ಅವಳ ಕಿಟಕಿ ಇರಬೇಕಾದ ಎತ್ತರಕ್ಕೆ ತಲೆಯೆತ್ತಿ, ಮೆಲ್ಲಗೆ "ಅಕ್ಕಾ" ಅಂದೆ.

ಆ ನಿಯಮ ತೆಗೆಸಬೇಕು. ಅರ್ಜಿಗೆ ನನ್ನದೇ ಮೊದಲ ಸಹಿ. ಅವಳ ಮಂಡಿಯಲ್ಲಿ ನಾಲ್ಕು ಮಹಡಿ ಹತ್ತುವ ಶಕ್ತಿ ಇರುವಾಗಲೇ ಆಗಬೇಕು.