ಅತ್ತರೂ ಕೊಡಬೇಡಿ

ದೇವಸಮುದ್ರ
ಸೋಮವಾರ ಬೆಳಿಗ್ಗೆ

ನನ್ನ ಬಾವನಿಗೆ,

ಗಂಡನಾದ ಮೇಲೂ ಬಾವ ಅನ್ನುವುದು ಬಿಡಲಿಲ್ಲ, ಇವತ್ತೂ ಹಾಗೇ ಕರೆಯುತ್ತೇನೆ. ಫೋನ್ ಮಾಡದೆ ಕಾಗದ ಯಾಕೆ ಅಂತ ಮುಖ ಗಂಟು ಹಾಕಬೇಡಿ. ಫೋನಿನಲ್ಲಾದರೆ ಬಾಯಿಗೆ ಬಂದದ್ದು ಬಂದೇಬಿಡುತ್ತದೆ, ಇಲ್ಲಿ ಹೊಡೆದುಹಾಕಬಹುದು. ಆಗಲೇ ಎರಡು ಹಾಳೆ ಹರಿದೆ.

ಬೆನ್ನಿನ ಆಪರೇಷನ್ ಆದಾಗ ನನಗೆ ಕೊಟ್ಟ ನೋವಿನ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ಸ್ವಲ್ಪಸ್ವಲ್ಪವೇ ಇಳಿಸಬೇಕು, ಇಳಿಸುವಾಗ ಸಿಟ್ಟೂ ಅಳುವೂ ಬರುತ್ತವೆ ಎಂದು ಚಳ್ಳಕೆರೆಯ ಡಾಕ್ಟರು ಹೇಳಿದ್ದರಲ್ಲ. ಬರುತ್ತವೆ ಅಂದರೆ ಹೀಗಾ ಬಾವ? ಅಂಚಿನ ಲಾಳಿ ಹಾಕಲು ಆವತ್ತು ಮಗ್ಗದಲ್ಲಿ ನಿಮ್ಮ ಪಕ್ಕ ಕೂತಿದ್ದೆ. "ಇನ್ನೊಂಚೂರು ಬಿಗಿ ಎಳಿ" ಅಂದಿರಿ, ಅಷ್ಟೇ. ಕತ್ತರಿ ತಗೊಂಡು ಅರ್ಧ ನೇಯ್ದ ಸೀರೆಯ ಹಾಸನ್ನೇ ಕತ್ತರಿಸಿಬಿಟ್ಟೆ. ಮುಂದಿನ ಹಾಸಿನ ಎಳೆಗಳನ್ನು ಹೊಸೆದು ಸೇರಿಸಲು ಹಣಿಗೆಯ ಹಲ್ಲುಗಳಲ್ಲಿ ಹಳೆಯ ಎಳೆಗಳ ತುದಿ ಉಳಿಸದೆ ನಮ್ಮವರು ಯಾರೂ ಕತ್ತರಿಸುವುದಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು, ಅದನ್ನೂ ಉಳಿಸಲಿಲ್ಲ.

ನೀವು ಬೈದಿದ್ದರೆ ಚೆನ್ನಾಗಿತ್ತು. "ಪಾಪ, ನೋವೈತೇನೋ" ಅಂದು, ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚಿಗೆ ಒಂದು ಮಾತ್ರೆ ಕೊಟ್ಟಿರಿ. ಸ್ವಲ್ಪ ಹೊತ್ತಿಗೆ ನಾನು ನಗುನಗುತ್ತ ಮುದ್ದೆ ಬಡಿಸಿದೆ. ನಿಮಗೆ ಸಮಾಧಾನವಾಯಿತು, ನನಗೆ ಭಯವಾಯಿತು. ಇನ್ನೊಮ್ಮೆ ಸಿಟ್ಟು ಮಾಡಿದರೆ ಇನ್ನೊಂದು ಸಿಗುತ್ತದೆ ಅಂತ ಮನಸ್ಸು ಆಗಲೇ ಹೇಳುತ್ತಿತ್ತು. ಅದಕ್ಕೇ ತವರಿಗೆ ಬಂದದ್ದು. ನಿಮ್ಮ ಮೇಲೆ ಮುನಿಸಿಕೊಂಡಲ್ಲ.

ಇಲ್ಲಿ ಡಾಕ್ಟರು ಬರೆದಷ್ಟನ್ನು ಮಾತ್ರ ಅವ್ವ ಕೈಯಾರೆ ಕೊಡುತ್ತಾಳೆ. ನಿನ್ನೆ ಅವಳನ್ನು ಏನೆಲ್ಲ ಅಂದೆನೋ, ಬರೆಯಲು ನಾಚಿಕೆ. "ಬೈಯವ್ವ, ನಾನೇನು ಸವೆಯಲ್ಲ" ಅಂತ ರಾಗಿ ಕೇರುತ್ತ ಕೂತಿದ್ದಳು. ಆಮೇಲೆ ಅವಳ ಮಡಿಲಲ್ಲೇ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಮೈಯೆಲ್ಲ ಜುಂ ಅನ್ನುತ್ತದೆ, ನಿದ್ದೆ ಹತ್ತುವುದಿಲ್ಲ. ಆದರೂ ಹೋದ ವಾರಕ್ಕಿಂತ ವಾಸಿ.

ನಾನು ಕೇಳುವುದು ಒಂದೇ. ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನು ಡಾಕ್ಟರ ಹತ್ತಿರವೇ ಕೊಟ್ಟುಬನ್ನಿ. ನಾನು ಅತ್ತರೂ, ಕಾಲಿಗೆ ಬಿದ್ದರೂ, ಆಣೆ ಇಟ್ಟರೂ ಕೊಡಬೇಡಿ. ನನಗೆ ನಮ್ಮ ಮನೆಗೆ ಬರಬೇಕು ಬಾವ. ಮೊದಲಿನ ಚೌಡೇಶ್ವರಿಯಾಗಿ ಬರಬೇಕು.

ನಿಮ್ಮವಳೇ ಆದ
ಚೌಡೇಶ್ವರಿ

ತಾ.ಕ.: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಈಗ ಮಧ್ಯಾಹ್ನ. ಅಣ್ಣ ಅಂಜನ್ ಮೊಳಕಾಲ್ಮೂರಿಗೆ, ನಿಮ್ಮ ಹತ್ತಿರವೇ ಹೊರಟಿದ್ದಾನೆ, ಕಾಗದ ಅವನ ಕೈಗೇ ಕೊಡುತ್ತಿದ್ದೇನೆ. ಸಂಜೆ ಅವನು ವಾಪಸು ಬರುವಾಗ ಒಂದೇ ಒಂದು ಮಾತ್ರೆ ಕಳಿಸಿ. ಅವ್ವನಿಗೆ ಹೇಳಬೇಡಿ. ಬೆನ್ನು ನೋಯುತ್ತಿಲ್ಲ, ನಿಮಗೆ ಸುಳ್ಳು ಹೇಳಲಾರೆ. ಆದರೂ ಕಳಿಸಿ.