ಎ, ಎನ್, ಡಿ ಸೇರಿದ ಪದಗಳು

ಓರೆಬ್ರೂ
ಮಾರ್ಚ್ 9, 2025, ಭಾನುವಾರ

ಪ್ರೀತಿಯ ಶರೋನ್‌ಗೆ ಅಕ್ಕನ ನೆನಪುಗಳು.

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಮಾರ್ಚ್ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವುದಾದರೆ ಬೈದುಬಿಡು. ಆದರೆ ಕಾರ್ಡಿನ ಮೂಲೆಯಲ್ಲಿ 'ಎ, ಎನ್, ಡಿ. ಈ ಸಲ ಸೋಲುವವಳು ನೀನೇ' ಎಂದು ಬರೆದು ಕೆಣಕಿದವಳು ನೀನು, ಕೆಣಕಿದವಳು ಕಾಯಲೇಬೇಕು. ಜೂನ್‌ನಲ್ಲಿ ನೀನೂ ನಿನ್ನ ಗಂಡನೂ ಇಲ್ಲಿಗೆ ಬರಲು ಯಾವ ವಾರ ಅನುಕೂಲ, ಭಾವನನ್ನು ಕೇಳಿ ತಿಳಿಸು ಅಂದಿದ್ದೆಯಲ್ಲ, ಅದೂ ನೆನಪಿದೆ. ಫೋನಿನಲ್ಲಿ ನೀನು ಭಾವ ವಲೇರಿಯನ್ ಹೆಸರೆತ್ತಿದಾಗಲೆಲ್ಲ ನಾನು ಮಾತು ಹಾರಿಸಿದ್ದೂ ನಿನಗೆ ಗೊತ್ತಾಗಿರುತ್ತದೆ. ಈ ಕಾಗದ ಮುಗಿಯುವುದರೊಳಗೆ ಆ ವಿಷಯ ಹೇಳುತ್ತೇನೆ. ಮೊದಲು ಆಟ ಮುಗಿಸೋಣ.

ಪಪ್ಪನ ನಿಯಮ ಮರೆತಿಲ್ಲ ತಾನೇ? ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದು, ಊಟಕ್ಕೆ ಕೂರುವ ಮೊದಲು ಮೂರು ಇಂಗ್ಲಿಷ್ ಅಕ್ಷರ ಕೊಡುತ್ತಿದ್ದರು. ಅವು ಒಟ್ಟಿಗೆ ಬರುವ ಪದಗಳನ್ನು ನಾವು ಹುಡುಕಬೇಕು. ಅರ್ಥವನ್ನು ಮಾತ್ರ ಡಿಕ್ಷನರಿಯಿಂದ ಹೇಳುವಂತಿಲ್ಲ, ಅವತ್ತು ನಮಗೇ ಆದದ್ದರಿಂದ ಹೇಳಬೇಕು. ಸುಳ್ಳು ಸೇರಿಸಿದರೆ ಅಮ್ಮ ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು. ಗೊತ್ತಿರುವ ಪದಕ್ಕೆ ಅರ್ಥ ಹೇಳಲಾಗದವರು ಎಲ್ಲರ ತಟ್ಟೆ ತೊಳೆಯಬೇಕು. ನೀನು ತೊಳೆದಷ್ಟು ತಟ್ಟೆ ಬಾರ್ಕೂರಿನಲ್ಲಿ ಯಾರೂ ತೊಳೆದಿಲ್ಲ ಬಿಡು.

ಸರಿ, ಇವತ್ತಿನ ಪದಗಳು. ಹ್ಯಾಂಡ್. ಬೆಳಿಗ್ಗೆ ಚರ್ಚಿನ ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹೇಳುವ ಹೊತ್ತಿಗೆ ಮುಂದಿನ ಬೆಂಚಿನ ಮುದುಕಿಯೊಬ್ಬಳು ತಿರುಗಿ ನನ್ನ ಕೈ ಹಿಡಿದಳು. ಲ್ಯಾಬ್‌ನಲ್ಲಿ ದಿನವಿಡೀ ರಬ್ಬರ್ ಗ್ಲೌಸು, ಬೀದಿಯಲ್ಲಿ ಉಣ್ಣೆಯ ಗ್ಲೌಸು. ಹಾಗಾಗಿ ಈ ವಾರ ನನ್ನ ಕೈಗೆ ತಾಗಿದ ಮನುಷ್ಯರ ಕೈ ಅದೊಂದೇ. ಸ್ವಲ್ಪ ಹೆಚ್ಚು ಹೊತ್ತೇ ಹಿಡಿದುಕೊಂಡೆ ಅಂತ ಕಾಣುತ್ತದೆ. ಪಾಪ, ನಕ್ಕು ಮೆಲ್ಲಗೆ ಬಿಡಿಸಿಕೊಂಡಳು.

ಸ್ಯಾಂಡ್. ಮಂಜುಗಡ್ಡೆಯ ಮೇಲೆ ಯಾರೂ ಜಾರಬಾರದೆಂದು ಕಮ್ಯೂನ್‌ನವರು, ಅಂದರೆ ನಮ್ಮ ಪುರಸಭೆಯಂಥವರು, ಚಳಿಗಾಲವಿಡೀ ರಸ್ತೆಗೆ ಮರಳು ಹಾಕುತ್ತಾರೆ. ಅದು ಬೂಟಿಗೆ ಅಂಟಿ ಮನೆಗೆ ಬರುತ್ತದೆ. ಹೋದ ವರ್ಷ ಬಾಗಿಲ ಬಳಿ ಗುಡಿಸಿ ಗುಡಿಸಿ ನನಗೆ ಸಾಕಾಗುತ್ತಿತ್ತು. ಈ ವರ್ಷ ಅಷ್ಟೇನೂ ಬರುವುದಿಲ್ಲ. ಇವತ್ತು ಗುಡಿಸಿದ್ದು ಒಂದು ಹಿಡಿ ಆಯಿತು.

ಕ್ಯಾಂಡಲ್. ಇದಕ್ಕೆ ನೀನು ನಗಬೇಕು. ನಮ್ಮ ಕಟ್ಟಡಕ್ಕೆಲ್ಲ ಬಟ್ಟೆ ಒಗೆಯುವ ಕೋಣೆ ಒಂದೇ. ಮಧ್ಯಾಹ್ನ ನಾನು ಅಲ್ಲಿ ಬಟ್ಟೆ ಮಡಚುವಾಗ ಮೂರನೇ ಮಹಡಿಯ ಇಂಗೆಗೆರ್ಡ್ ಬಂದಳು. ಹವಾಮಾನದ ಬಗ್ಗೆ ಮಾತಾಡಿದಳು, ಮೆಶಿನಿನ ಬಗ್ಗೆ ಮಾತಾಡಿದಳು. ಆಮೇಲೆ, "ನಿಮ್ಮ ಕಿಟಕಿಯ ಅಡ್ವೆಂಟ್ ದೀಪ ಇನ್ನೂ ಉರೀತಿದೆ. ಸ್ವಿಚ್ ಹಾಳಾಗಿದ್ರೆ ನನ್ನ ಮಗ ಬಂದು ನೋಡ್ತಾನೆ" ಅಂದಳು. ಇಲ್ಲಿಯವರು ಕ್ರಿಸ್‌ಮಸ್‌ಗೆ ಮುಂಚೆ ಕಿಟಕಿಗೆ ಇಡುವ ಆ ವಿದ್ಯುತ್ ಮೇಣದಬತ್ತಿಗಳನ್ನು ಜನವರಿ ಮಧ್ಯದಲ್ಲೇ ತೆಗೆದಿಡುತ್ತಾರೆ. ಎರಡು ತಿಂಗಳು ನೋಡಿ, ಯೋಚಿಸಿ, ಇವತ್ತು ಕೇಳಿದ್ದಾಳೆ ನೋಡು, ಎಂಥ ಮರ್ಯಾದಸ್ಥರು. ನಾನು "ಮರೆತೇ ಹೋಯ್ತು" ಅಂದೆ.

ಆಟದಲ್ಲಿ ಸುಳ್ಳು ಹೇಳುವ ಹಾಗಿಲ್ಲ, ಅದಕ್ಕೆ ನಿನಗೆ ಹೇಳುತ್ತೇನೆ. ಮರೆತಿಲ್ಲ. ಅದನ್ನು ಕಿಟಕಿಗೆ ಇಟ್ಟು, ಸಂಜೆ ತಾನಾಗಿ ಹೊತ್ತಿಕೊಳ್ಳುವ ಹಾಗೆ ಟೈಮರ್ ಹಾಕಿದ್ದು ವಲೇರಿಯನ್. ಡ್ಯೂಟಿ ಮುಗಿಸಿ ಬಸ್ ಇಳಿದು ತಲೆ ಎತ್ತಿದರೆ ಮನೆಯೊಳಗೆ ಯಾರೋ ಇದ್ದಾರೆ ಅನಿಸುತ್ತದೆ. ಮೆಟ್ಟಿಲು ಹತ್ತುವಷ್ಟು ಹೊತ್ತು ಅದು ಸಾಕು.

ಬ್ರ್ಯಾಂಡಿ. ಕ್ರಿಸ್‌ಮಸ್ ಕೇಕಿಗೆಂದು ತಂದದ್ದು ಅರ್ಧ ಉಳಿದಿದೆ. ಇವತ್ತು ಮುಚ್ಚಳ ತೆಗೆದು ಮೂಸಿ ನೋಡಿದೆ, ಅಮ್ಮನ ಅಡುಗೆಮನೆ ವಾಸನೆ ಬಂತು. ಕುಡಿಯಲಿಲ್ಲ ಮಾರಾಯ್ತಿ, ಹೆದರಬೇಡ. ಒಂದು ಸಲ ಕುಡಿದರೆ ಅಭ್ಯಾಸವಾದೀತೆಂದು ಮುಚ್ಚಿ ಮೇಲಿನ ಶೆಲ್ಫಿನಲ್ಲಿಟ್ಟೆ.

ನಾಲ್ಕು ಪದ ಆಯಿತು, ಸಾಕಲ್ಲ? ನಿನ್ನ ಗಂಡನಿಗೆ ಬೆನ್ನುನೋವು ಕಡಿಮೆಯಾಯಿತೇ? ಸ್ಕೂಟರ್ ಬಿಟ್ಟು ಸ್ವಲ್ಪ ನಡೆಯಲು ಹೇಳು. ಈಸ್ಟರ್‌ಗೆ ಮುಂಚಿನ ಈ ತಪಸ್ಸು ಕಾಲದಲ್ಲಿ ಮೀನು ಬಿಟ್ಟಿದ್ದೀಯೋ, ಬಿಟ್ಟ ಹಾಗೆ ನಟಿಸುತ್ತಿದ್ದೀಯೋ? ನಿಮ್ಮ ಮನೆಯಲ್ಲಿ ಯಾವತ್ತೂ ನಾಲ್ಕು ಜನರ ಗಲಾಟೆ ಇರುವಂತೆ ದೇವರು ನೋಡಿಕೊಳ್ಳಲಿ. ಮಲಗುವಾಗ ಅಕ್ಕನ ಹೆಸರನ್ನೂ ಸೇರಿಸಿ ಪ್ರಾರ್ಥಿಸು.

ನಿನ್ನ
ಲವೀನಾ

ತಾ.ಕ.: ಒಂದು ಪದ ಬಿಟ್ಟದ್ದನ್ನು ನೀನು ಆಗಲೇ ಕಂಡುಹಿಡಿದಿರುತ್ತೀ. ಮದುವೆಯಾದ ಮೇಲೆ ಈ ಅಕ್ಷರಗಳು ಬಂದಾಗಲೆಲ್ಲ ನಾನು ಮೊದಲು ಹೇಳುತ್ತಿದ್ದದ್ದೇ ಹಸ್ಬೆಂಡ್. ನೀನು ಹೊಟ್ಟೆಕಿಚ್ಚಿನಿಂದ "ಶುರುವಾಯ್ತು ಇವಳದ್ದು" ಅನ್ನುತ್ತಿದ್ದೆ. ಆ ಪದಕ್ಕೆ ಇವತ್ತಿನ ಅರ್ಥ ನನ್ನ ಹತ್ತಿರ ಇಲ್ಲ, ಶರೋನ್. ನಿನ್ನೆಯದೂ ಇಲ್ಲ. ಇಲ್ಲಿಂದ ದೂರದ ಕಿಸ್ಟಾದ ಆಫೀಸಿಗೆ ಹತ್ತಿರವೆಂದು ವಲೇರಿಯನ್ ಸೊಲ್ಲೆಂಟುನಾದಲ್ಲಿ ರೂಮ್ ಹಿಡಿದು, ಶುಕ್ರವಾರಕ್ಕೊಮ್ಮೆ ಮನೆಗೆ ಬರುತ್ತಿದ್ದದ್ದು ನಿನಗೆ ಗೊತ್ತು. ಹೊಸ ವರ್ಷದ ನಂತರ ಬರಲಿಲ್ಲ. ಫೋನ್ ಮಾಡಿದರೆ, "ಲವೀನಾ, ನಾನಿನ್ನು ಇಲ್ಲೇ ಇರ್ತೀನಿ. ಬೇರೆ ಯಾರೂ ಇಲ್ಲ. ಆದ್ರೆ ಅಲ್ಲಿಗೆ ಬಂದ್ರೂ ನಂಗೆ ಒಬ್ಬನೇ ಇದ್ದ ಹಾಗೇ ಅನ್ಸುತ್ತೆ" ಅಂದ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಅನ್ನಬಹುದಿತ್ತು. ಅಷ್ಟು ಮೆತ್ತಗೆ ಹೇಳಿದವನಿಗೆ ಏನನ್ನಲಿ? ತುಂಬಾ ನೋವಾಯಿತು, ಈಗಲೂ ಆಗುತ್ತಿದೆ. ಜೂನ್‌ನಲ್ಲಿ ಯಾವ ವಾರವಾದರೂ ಬಾ, ಯಾರನ್ನೂ ಕೇಳಬೇಕಾಗಿಲ್ಲ.

ಪಪ್ಪನ ನಿಯಮದಂತೆ ಸೋತವಳು ನಾನೇ. ಎಲ್ಲರ ತಟ್ಟೆ ತೊಳೆಯಲು ಈಗಷ್ಟೇ ಎದ್ದು ಹೋಗಿ ಬಂದೆ. ಸಿಂಕಿನಲ್ಲಿ ಒಂದೇ ತಟ್ಟೆ ಇತ್ತು.