ಎಂಬತ್ತು ಟನ್ ಬ್ಯಾಂಡಿನ ಮೂರನೇ ಟೇಕ್

೯ ಆಗಸ್ಟ್ ೨೦೦೯, ಭಾನುವಾರ

ಇವತ್ತೂ ಶೆಡ್ಡಿಗೆ ಹೋಗಿದ್ದೆ. ಹತ್ತರಿಂದ ಒಂದೂವರೆ. ವಾಪಸ್ ಬಂದ್ರೆ ಹೆಂಡ್ತಿ ಭಾಗ್ಯಂದು ಅದೇ ಪ್ರಶ್ನೆ — ಐವತ್ತೊಂದನೇ ವಯಸ್ಸಲ್ಲಿ ಇದ್ಯಾವ ಹುಚ್ಚು ಹಿಡೀತು ಅಂತ. ಕೇಳೋದ್ರಲ್ಲಿ ತಪ್ಪಿಲ್ಲ. ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಷನ್ನಲ್ಲಿ ಕೂತು, ಕೈಯಲ್ಲಿ ಗೇಜ್ ಹಿಡ್ಕೊಂಡು, ಬಂದ ಪೀಸಿಗೆಲ್ಲ ಕೊಂಕು ಹುಡುಕಿದೋನು ನಾನು. ಮದುವೆ ಮನೆ ಪಾಯಸಕ್ಕೂ ತಪ್ಪು ಹೇಳ್ತೀನಂತೆ. ಅಂಥೋನು ನಾಲ್ಕು ವಾರದಿಂದ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ತಗಡಿನ ಶೆಡ್ಡಲ್ಲಿ, ಗ್ರೀಸ್ ಡಬ್ಬದ ಮೇಲೆ ಕೂತು ಹಾರ್ಡ್ ರಾಕ್ ಕೇಳ್ತಿದೀನಿ.

ನಾಲ್ಕು ಜನ. ಎಲ್ಲ ಬಾಗಲಕೋಟೆ, ಗದಗದ ಕಡೆಯೋರು. ಡ್ರಮ್ಮು ಬಸಲಿಂಗ — ನಮ್ಮ ಫ್ಯಾಕ್ಟರಿ ಪ್ರೆಸ್ ಶಾಪಿನೋನು, ನನ್ನ ಇಲ್ಲಿಗೆ ಎಳ್ಕೊಂಡ್ ಬಂದೋನು. ಬೇಸ್ ಗಿಟಾರು ಇರಣ್ಣ, ಅವನೂ ನಮ್ಮಲ್ಲೇ, ಲೇತ್ ಮೇಲೆ. ಗಿಟಾರು ಹಣಮಂತ, ಹೊರಗಡೆ ವೆಲ್ಡಿಂಗ್ ಮಾಡ್ತಾನೆ. ಹಾಡೋಳು ಮಹಾದೇವಿ, ಮೋಟರ್ ಫ್ಯಾಕ್ಟರೀಲಿ ಕಾಯಿಲ್ ಸುತ್ತೋ ಹುಡುಗಿ. ಬ್ಯಾಂಡ್ ಹೆಸರು ‘ಎಂಬತ್ತು ಟನ್’. ಬಸಲಿಂಗ ನಡೆಸೋ, ತಗಡು ಒತ್ತೋ ಪ್ರೆಸ್ಸಿನ ತಾಕತ್ತು ಅದು.

ಮಾತಾಡುವಾಗ ಆ ಹುಡುಗಿ ದನಿ ಪಕ್ಕದಲ್ಲಿ ಕೂತೋರಿಗೂ ಕೇಳ್ಸಲ್ಲ. ಮೈಕ್ ಹಿಡಿದ್ಲು ಅಂದ್ರೆ ಮೇಲಿನ ತಗಡು ಅದುರುತ್ತೆ. ‘ಸುತ್ತು’ ಅಂತ ಅವಳೇ ಕಟ್ಟಿದ ಹಾಡು — ಕಾಯಿಲ್ ಸುತ್ತೋಳು ಲೆಕ್ಕ ಹಾಕ್ತಾ ಹಾಕ್ತಾ ಊರಿನ ಬಾವಿ ಮೆಟ್ಟಿಲು ಎಣಿಸೋಕೆ ಶುರು ಮಾಡ್ತಾಳೆ. ಇಷ್ಟೇ. ಕೇಳ್ತಾ ಮೈ ಜುಮ್ ಅಂತು.

ಕೊಂಕು ಹುಡುಕಿದೆ, ಬಿಡ್ಲಿಲ್ಲ. ಇರಣ್ಣ ಎರಡನೇ ಚರಣದಲ್ಲಿ ಒಂದು ಕೂದಲೆಳೆ ಹಿಂದೆ. ಹೇಳ್ದೆ. ತಿದ್ಕೊಂಡ. ಫ್ಯಾಕ್ಟರಿ ಲೇತ್ ಮೇಲೂ ಹಿಂಗೆ ಮಾತು ಕೇಳಿದ್ರೆ ನನ್ನ ಬಿ.ಪಿ. ನಾರ್ಮಲ್ ಇರ್ತಿತ್ತು.

೧೩ ಆಗಸ್ಟ್, ಗುರುವಾರ

ಹಣಮಂತ ಎರಡು ಸಿ.ಡಿ. ಕೊಟ್ಟಿದ್ದ. ಕೇಳಿ ಮುಗಿಸ್ದೆ.

ಒಂದು, ‘ಕಪ್ಪು ಡಬ್ಬಿ’ ಅನ್ನೋ ಬ್ಯಾಂಡಿಂದು. ಮಾರತ್ತಹಳ್ಳಿ ಪಿ.ಜಿ. ಹುಡುಗರು. ಒಟ್ಟು ಏಳು ಹಾಡು, ಮೂರು ಶೋ, ಆಮೇಲೆ ಪತ್ತೆ ಇಲ್ಲ. ಇನ್ನೊಂದು ಸಿಂಗಸಂದ್ರದ ‘ನಾಕನೇ ಮೈಲಿ’. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು. ಅವರ ಒಂದೇ ಒಂದು ದೊಡ್ಡ ಶೋದಲ್ಲಿ ಜನರೇಟರ್ ಕೈ ಕೊಡ್ತಂತೆ, ಜನ ಎದ್ದು ಹೋದ್ರಂತೆ. ಎಂಥಾ ಗಿಟಾರಪ್ಪ ಅದು... ಐದನೇ ಹಾಡಿನ ಕೊನೇಲಿ ಒಂದು ನಿಮಿಷ ನಾನು ಟೀ ಲೋಟ ಕೆಳಗಿಡೋದೇ ಮರ್ತಿದ್ದೆ.

ಯಾಕ್ ಹಿಂಗೆ? ಪೀಸ್ ಪಾಸಾಗಿದೆ, ಅಳತೆ ಸರಿಯಾಗಿದೆ, ಆದ್ರೂ ಗೋಡೌನಲ್ಲೇ ತುಕ್ಕು ಹಿಡೀತಿದೆ. ತಗೊಳ್ಳೋರಿಲ್ಲ. ನಮ್ಮ ಹುಡುಗರಿಗೆ ಹಂಗಾಗಬಾರ್ದು.

೩೦ ಆಗಸ್ಟ್, ಭಾನುವಾರ

ಗಣೇಶನ ಪೆಂಡಾಲಲ್ಲಿ ಪ್ರೋಗ್ರಾಂ. ಶೆಡ್ಡಿನ ಓನರ್ ಮುನಿಯಣ್ಣನೇ ಸಮಿತಿ ಅಧ್ಯಕ್ಷ, ಊರಿನ ಹಳೇ ಗೌಡ್ರ ಮನೆಯೋರು. ಎರಡು ಹಾಡು ಆಗಿತ್ತು, ಸ್ಟೇಜ್ ಹತ್ತಿ ಬಂದು ಹಣಮಂತನ ಕಿವೀಲಿ ಹೇಳಿದ್ರು — ಇದ್ಯಾಕೋ ಜಗಳ ಆಡ್ದಂಗದೆ, ಸಿನಿಮಾ ಹಾಡು ಬಿಡ್ರಪ್ಪಾ ಅಂತ. ಹಣಮಂತ ಹಲ್ಲು ಕಚ್ಚಿ ನಿಂತ. ಮಹಾದೇವಿ ಮೈಕಿಂದ ದೂರ ಸರಿದ್ಲು.

ನಾನು ಹೋಗಿ ಮುನಿಯಣ್ಣನ ಹತ್ರ ಕಿರುಚಾಡ್ದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ್ಲೂ ಅಂದ್ಬಿಟ್ಟೆ. ಶೆಡ್ಡು ಅವರದೇ ಅನ್ನೋದು ಅಂದ ಮೇಲೆ ನೆನಪಾಯ್ತು. ಪುಣ್ಯಕ್ಕೆ ಅವರು ನಕ್ಕರು. ಲಕ್ಷ್ಮಯ್ಯಾ, ನಿಂಗೇ ಹಿಂಗೆ ಹುಚ್ಚು ಹಿಡ್ಸವ್ರೆ ಅಂದ್ರೆ ಏನೋ ಐತೆ ಬಿಡು, ಇನ್ನೊಂದು ಹಾಡ್ಲಿ ಅಂದ್ರು.

‘ಸುತ್ತು’ ಹಾಡಿದ್ರು. ಮುಂದಿನ ಕುರ್ಚಿಗಳು ಖಾಲಿ ಆದ್ವು, ನಿಜ. ಆದ್ರೆ ಹಿಂದೆ ಗೇಟಿನ ಹತ್ರ ಶಿಫ್ಟ್ ಮುಗಿಸಿ ಟಿಫನ್ ಬಾಕ್ಸ್ ಹಿಡ್ಕೊಂಡು ಹೊರಟಿದ್ದ ಹೆಂಗಸ್ರು ಇಪ್ಪತ್ತು ಜನ ಹಂಗೇ ನಿಂತ್ರು. ಒಬ್ಬಳೂ ಅಲ್ಲಾಡ್ಲಿಲ್ಲ. ಬಸ್ಸು ಬಂದ್ರೂ ಹತ್ಲಿಲ್ಲ.

೧ ಸೆಪ್ಟೆಂಬರ್, ಮಂಗಳವಾರ

ಸುದ್ದಿ. ವೈಟ್‌ಫೀಲ್ಡ್ ಕಡೆ ಒಂದು ಟೆಕ್ ಪಾರ್ಕಲ್ಲಿ ನವೆಂಬರ್ ಹದಿನಾಲ್ಕಕ್ಕೆ ದೊಡ್ಡ ರಾಕ್ ಶೋ. ಹೊಸ ಬ್ಯಾಂಡ್ ಐದಕ್ಕೆ ಅವಕಾಶ. ಒಂದು ಹಾಡಿನ ಸಿ.ಡಿ. ಇದೇ ತಿಂಗಳು ಎಂಟನೇ ತಾರೀಕಿನೊಳಗೆ ತಲುಪಬೇಕು. ರೆಕಾರ್ಡಿಂಗ್ ಕಂಪನಿಯೋರೂ ಬರ್ತಾರಂತೆ.

ಇದು ಸಿಗಲೇಬೇಕು. ನಮ್ಮ ಪ್ರೆಸ್ ಶಾಪನ್ನ ಹೊಸೂರಿಗೆ ಎತ್ತಂಗಡಿ ಮಾಡ್ತಾರೆ ಅಂತ ಮಾತಿದೆ. ಬಸಲಿಂಗ ಹೋದ ಅಂದ್ರೆ ಬ್ಯಾಂಡ್ ಕತೆ ಮುಗೀತು. ಶೋ ಸಿಕ್ಕಿದ್ರೆ ಕೆಲಸ ಬಿಟ್ಟಾದ್ರೂ ಇಲ್ಲೇ ಇರ್ತೀನಿ ಅಂತಾನೆ.

೬ ಸೆಪ್ಟೆಂಬರ್, ಭಾನುವಾರ

ರೆಕಾರ್ಡಿಂಗ್ ಆಯ್ತು. ಹಣಮಂತ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಪುಟ್ಟ ರೆಕಾರ್ಡರ್ರು. ‘ಸುತ್ತು’, ನಾಲ್ಕು ಟೇಕ್. ಬಟನ್ ಒತ್ತೋ ಕೆಲಸ ನಂದು.

ಮೂರನೇ ಟೇಕ್ ಅರ್ಧಕ್ಕೆ ಬಂದಿತ್ತು, ಪಕ್ಕದ ಯೂನಿಟ್ಟಿನೋರು ಪ್ರೆಸ್ ಆನ್ ಮಾಡಿದ್ರು. ಭಾನುವಾರ ಓವರ್‌ಟೈಮ್ ಅಂತೆ. ನಮ್ಮ ಹುಡುಗರು ಹಾಡು ನಿಲ್ಲಿಸ್ಲಿಲ್ಲ, ಹೆಂಗೋ ಮುಗಿಸಿದ್ರು. ನಾನು ಹೋಗಿ ಬೈದು, ಇಪ್ಪತ್ತು ನಿಮಿಷ ಬಂದ್ ಮಾಡಿಸಿ ನಾಲ್ಕನೇದು ತೆಗೆದೆ.

ಕೂತು ಕೇಳೋಕೆ ಟೈಮಿರ್ಲಿಲ್ಲ. ಬಸಲಿಂಗ, ಇರಣ್ಣಂಗೆ ಎರಡು ಗಂಟೆಗೆ ಓವರ್‌ಟೈಮ್ ಶಿಫ್ಟು. ಮಹಾದೇವಿಗೆ ತಂಗೀನ ಬಸ್ ಹತ್ತಿಸ್ಬೇಕಿತ್ತು. ರೆಕಾರ್ಡರ್ ನನ್ನ ಕೈಗೆ ಕೊಟ್ಟು ಹೋದ್ರು. ನಿಮ್ಮ ಕಿವಿ ಪಾಸ್ ಮಾಡಿದ್ದೇ ನಮಗ ಪಾಸ್ ಕಾಕಾರ, ಅಂದ್ಲು ಹುಡುಗಿ.

೭ ಸೆಪ್ಟೆಂಬರ್, ಸೋಮವಾರ. ಸಂಜೆ ೫

ಆರಿಸ್ದೆ. ಒಂದನೇದು ರಿಜೆಕ್ಟ್. ಗಿಟಾರು ತಂತಿ ಶ್ರುತಿ ಇಳಿದಿದೆ. ಎರಡನೇದು ಪರ್ವಾಗಿಲ್ಲ. ನಾಲ್ಕನೇದು ಓಕೆ. ಎಲ್ಲೂ ಒಂದು ಗೀರಿಲ್ಲ.

ಮೂರನೇದನ್ನ ಮೂರು ಸಲ ಹಾಕಿ ಕೇಳ್ದೆ. ಯಾಕೋ. ಅಡುಗೆಮನೇಲಿ ಭಾಗ್ಯ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತ್ಲು. ಇದನ್ನೇ ಕಳ್ಸಿ ಅಂದ್ಲು. ನಿಂಗೇನ್ ಗೊತ್ತು ಸುಮ್ನಿರು ಅಂದೆ. ಪಕ್ಕದ ಪ್ರೆಸ್ಸಿನ ಸದ್ದು ಸೇರ್ಕೊಂಡಿದೆ. ಕೊನೇಲಿ ಹುಡುಗಿ ದನಿ ಒಡೆದಿದೆ. ಎರಡು ಡಿಫೆಕ್ಟು. ಡಿಫೆಕ್ಟ್ ಇರೋದನ್ನ ಮುಂದಕ್ಕೆ ಬಿಟ್ಟೋನಲ್ಲ ನಾನು.

ನಾಲ್ಕನೇದನ್ನ ಸೈಬರ್ ಸೆಂಟರಲ್ಲಿ ಸಿ.ಡಿ. ಮಾಡ್ಸಿ ಕಳಿಸ್ದೆ. ಉಳಿದ ಮೂರೂ ಅಳಿಸ್ದೆ. ರಿಜೆಕ್ಟ್ ಮಾಲು ಅಲ್ಲೇ ಇಟ್ಕೊಂಡ್ರೆ ನಾಳೆ ಒಳ್ಳೇದ್ರ ಜೊತೆ ಬೆರೆಯುತ್ತೆ. ಅವತ್ತಿನ ರಿಜೆಕ್ಷನ್ ಅವತ್ತೇ ಸ್ಕ್ರ್ಯಾಪ್ — ಹೊಸ ಹುಡುಗರಿಗೆ ನಾನು ಕಲಿಸೋ ಮೊದಲ ಪಾಠ ಅದು.

೨೯ ಸೆಪ್ಟೆಂಬರ್, ಮಂಗಳವಾರ

ಆಯುಧಪೂಜೆ ಕುಂಕುಮ ಇನ್ನೂ ಡ್ರಮ್ಮಿನ ಮೇಲೆ ಹಂಗೇ ಇದೆ. ಇವತ್ತು ಲಿಸ್ಟ್ ಬಂತು. ನಮ್ಮ ಹೆಸರಿಲ್ಲ.

೪ ಅಕ್ಟೋಬರ್, ಭಾನುವಾರ

ಇದನ್ನಂತೂ ಬರೆದೇ ತೀರಬೇಕು.

ಬೆಳಿಗ್ಗೆ ಶೆಡ್ಡಲ್ಲಿ ಎಲ್ಲರೂ ಇದ್ದಾಗ ಹಣಮಂತನಿಗೆ ಆ ಶೋದ ಆಯ್ಕೆ ಸಮಿತಿಯೋರೊಬ್ಬರು ಫೋನ್ ಮಾಡಿದ್ರು. ಸ್ಪೀಕರಿಗೆ ಹಾಕ್ದ. ಆಯಮ್ಮ ತುಂಬ ಮರ್ಯಾದಸ್ಥೆ. ನಿಮ್ಮ ಹಾಡು ನೀಟಾಗಿದೆ, ಆದ್ರೆ ಬಂದಿರೋ ಅರವತ್ತು ಸಿ.ಡಿ.ಯೂ ನೀಟಾಗೇ ಇದಾವೆ. ಪೀಣ್ಯದ ಶೆಡ್ಡಲ್ಲಿ ನುಡಿಸೋರು ಅಂತ ಬರ್ದಿದೀರ, ಆ ಶೆಡ್ಡೇ ಇದ್ರಲ್ಲಿ ಕೇಳ್ಸಲ್ವಲ್ಲ ಅಂದ್ರು. ಒಂದು ಬ್ಯಾಂಡ್ ಹಿಂದೆ ಸರಿದಿದೆಯಂತೆ. ಅದೇ ಹಾಡಿನ ಬೇರೆ ಟೇಕ್ ಇದ್ರೆ ಬುಧವಾರದೊಳಗೆ ಕಳ್ಸಿ ಅಂದ್ರು.

ಬಸಲಿಂಗ ಕುಣಿದಾಡಿಬಿಟ್ಟ. ಮೂರನೇದು ಐತಲ್ಲ, ಪ್ರೆಸ್ ಬಂತಲ್ಲ, ನಾ ಅದರ ಏಟಿಗೆ ಡ್ರಮ್ ಹೊಂದಿಸಿಬಿಟ್ಟೆ, ಇವರೆಲ್ಲ ನನ್ನ ಹಿಂದ ಬಂದ್ರು, ಅದನ್ನ ಕಳಸೋಣು ಅಂತ. ಎಲ್ಲ ನನ್ನ ಕಡೆ ತಿರುಗಿದ್ರು.

ಮೆಮೊರಿ ಕಾರ್ಡ್ ಕೆಟ್ಟೋಯ್ತು ಅಂದೆ. ನಾಲ್ಕನೇದೊಂದೇ ಉಳಿದಿದ್ದು ಅಂದೆ.

ಸುಳ್ಳು. ಇಪ್ಪತ್ತೆರಡು ವರ್ಷದಲ್ಲಿ ರಿಪೋರ್ಟಲ್ಲಿ ಒಂದು ಅಂಕಿ ತಿದ್ದಿದೋನಲ್ಲ ನಾನು. ಹುಡುಗರು ನಂಬಿದ್ರು. ಇರ್ಲಿ ಬಿಡ್ರಿ, ನಿಮ್ಮ ತಪ್ಪೇನೈತಿ ಅಂತ ನಂಗೇ ಸಮಾಧಾನ ಮಾಡಿದ್ರು.

೬ ಅಕ್ಟೋಬರ್

ಇವತ್ತು ಎಲ್ಲರೂ ರಜ ಹಾಕಿ ‘ಸುತ್ತು’ ಮತ್ತೆ ರೆಕಾರ್ಡ್ ಮಾಡಿದ್ರು. ಪಕ್ಕದೋರಿಗೆ ಕೈ ಮುಗಿದು ಪ್ರೆಸ್ ಓಡಿಸಿದ್ದೂ ಆಯ್ತು. ಒಂಬತ್ತು ಟೇಕ್. ಬರ್ಲಿಲ್ಲ. ಪ್ರೆಸ್ ಬರುತ್ತೆ ಅಂತ ಕಾಯ್ಕೊಂಡು ನುಡಿಸೋದಕ್ಕೂ, ಬಂದಿದ್ದನ್ನ ಹಿಡ್ಕೊಂಡು ನುಡಿಸೋದಕ್ಕೂ ಅಜಗಜಾಂತರ. ಮಹಾದೇವಿ ಗಂಟಲು ಕಟ್ಟಿಹೋಯ್ತು. ಇದ್ರಲ್ಲೇ ಒಂದನ್ನ ಕಳಿಸಿದೀವಿ.

೧೦ ಅಕ್ಟೋಬರ್

ಆಗಲಿಲ್ಲ.

೧ ನವೆಂಬರ್, ಭಾನುವಾರ

ಪ್ರೆಸ್ ಶಾಪು ಹೊಸೂರಿಗೆ ಹೋಗೋದು ಖಾತ್ರಿ, ಜೊತೆಗೆ ಲೇತ್‌ಗಳೂ. ಬಸಲಿಂಗ, ಇರಣ್ಣ ಹದಿನೆಂಟಕ್ಕೆ ಹೊರಡ್ತಾರೆ. ವರ್ಷ ಎರಡಾದ್ರೆ ಈ ಬ್ಯಾಂಡ್ ಇತ್ತು ಅನ್ನೋದೇ ಯಾರಿಗೂ ನೆನಪಿರಲ್ಲ. ‘ಕಪ್ಪು ಡಬ್ಬಿ’ಯದು ಏಳು ಹಾಡಾದ್ರೂ ಉಳಿದಿದೆ. ಇವರದು? ನಾನು ಪಾಸ್ ಮಾಡಿದ ಆ ಸಪ್ಪೆ ಟೇಕು.

ಭಾಗ್ಯಂಗೆ ಸುಳ್ಳಿನ ವಿಷಯ ಗೊತ್ತು. ಆ ಮಕ್ಕಳು ಊರು ಬಿಡೋ ಮುಂಚೆ ಹೇಳ್ಬಿಡಿ, ಇಲ್ದಿದ್ರೆ ನಾನೇ ಹೇಳ್ತೀನಿ ಅಂದ್ಲು.

೧೫ ನವೆಂಬರ್, ಭಾನುವಾರ. ಸಂಜೆ

ನಾಲ್ಕೂ ಜನಾನ ಊಟಕ್ಕೆ ಕರೆದಿದ್ವಿ. ಭಾಗ್ಯ ಮುದ್ದೆ, ಬಸ್ಸಾರು ಮಾಡಿದ್ಲು. ಮಹಾದೇವಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ಲು. ಮುದ್ದೆ ನುಂಗೋಕೆ ಬರ್ದೆ ಇರಣ್ಣ ಅಗಿದು ಅಗಿದು ಎಲ್ಲರನ್ನೂ ನಗಿಸ್ದ. ಮಕ್ಕಳ ಊಟ ಕೆಡಿಸ್ಬೇಡಿ, ಕೈ ತೊಳ್ಕೊಂಡ ಮೇಲೆ ಹೇಳಿ ಅಂತ ಮೊದಲೇ ಭಾಗ್ಯಂದು ಕಟ್ಟಪ್ಪಣೆ.

ಹೇಳ್ದೆ. ಕಾರ್ಡ್ ಕೆಟ್ಟಿರ್ಲಿಲ್ಲ, ಮೂರನೇ ಟೇಕ್ ನಾನೂ ಭಾಗ್ಯಾನೂ ಕೇಳಿದ್ವಿ, ರಿಜೆಕ್ಟ್ ಅಂತ ನಾನೇ ಅಳಿಸ್ದೆ, ಆಮೇಲೆ ಸುಳ್ಳು ಹೇಳ್ದೆ. ಇಷ್ಟನ್ನೇ. ಕಾರಣ ಹೇಳೋಕೆ ಹೋಗ್ಲಿಲ್ಲ. ಕ್ಷಮಿಸಿ ಅಂತ ಕೈ ಮುಗಿದೆ.

ಹಣಮಂತ ಎದ್ದು ಚಪ್ಪಲಿ ಮೆಟ್ಕೊಂಡು ಹೊರಟೇ ಹೋದ. ತಿರುಗಿ ನೋಡ್ಲಿಲ್ಲ. ಹೋಗಲೇಬೇಕಾದ್ದೇ. ಇರಣ್ಣ ಅವನ ಹಿಂದೆ ಓಡ್ದ. ಬಸಲಿಂಗ ತಲೆ ತಗ್ಗಿಸಿ ಬೆರಳಲ್ಲಿ ಚಾಪೆ ಮೇಲೆ ಏನೋ ತಾಳ ಹಾಕ್ತಾ ಕೂತ.

ಮಹಾದೇವಿ ಅದೇ ಸಣ್ಣ ದನೀಲಿ ಕೇಳಿದ್ಲು.

“ಚಲೋ ಇತ್ತೇನ್ರಿ ಕಾಕಾರ ಅದು?”

ಹೂಂ ಅಂದೆ.

“ನಾ ಕೇಳೇ ಇಲ್ಲಲ್ರಿ ಅದನ್ನ. ಹಾಡಿದಾಕಿ ನಾನು, ಕೇಳಿದವ್ರು ನೀವಿಬ್ರ. ಹೆಂಗಿತ್ತು ಅಂತ ಒಂದ್ ಸಲ ಪೂರ್ತಿ ಹೇಳ್ರಲ್ಲ.”

ಬೈದಿದ್ರೆ ತಡ್ಕೋತಿದ್ದೆ. ಪೀಸ್ ಚೆನ್ನಾಗಿದೆ ಅಂತ ಹೇಳೋದು ಹೆಂಗೆ ಅಂತ ಈ ಕೆಲಸ ಯಾವತ್ತೂ ಕಲಿಸಿಲ್ಲ. ಬರೆದು ಕೊಡ್ತೀನಮ್ಮ ಅಂದೆ. ನಾಳೆ ಸಂಜೆ ಬರ್ತೀನಿ ಅಂತ ಹೇಳಿ ಹೋದ್ಲು.

೧೬ ನವೆಂಬರ್, ಸೋಮವಾರ. ಬೆಳಿಗ್ಗೆ ೧೧

ರಜ ಹಾಕಿದೀನಿ. ಮೊದಲು ಇಲ್ಲಿ ಬರೆದು ನೋಡ್ತೀನಿ, ಆಮೇಲೆ ಒಳ್ಳೆ ಹಾಳೆಗೆ ಇಳಿಸೋಣ. ಮೂರು ಸಲ ಕೇಳಿದ್ದು. ಎಲ್ಲ ನೆನಪಿದೆ. ನಾನು ಬಿಟ್ಟಿದ್ದನ್ನ ಭಾಗ್ಯ ಸೇರಿಸ್ತಿದಾಳೆ.

ಶುರುವಿಗೆ ಬಸಲಿಂಗನ ನಾಲ್ಕು ಏಟು. ನಾಲ್ಕನೇದು ಸ್ವಲ್ಪ ಜೋರು. ಆಮೇಲೆ ಹಣಮಂತನ ಗಿಟಾರು ಕೆಳಗಿನ ತಂತಿಯಿಂದ ಎದ್ದು ಬರುತ್ತೆ.

ಅರ್ಧ ನಿಮಿಷಕ್ಕೆ ನೀನು. “ಒಂದು, ಎರಡು” ಅಂತ ಎಣಿಸೋದು. ಮೈಕಿಗೆ ತುಂಬ ಹತ್ರ ಇದ್ದೆ, ಉಸಿರು ಎಳ್ಕೊಳ್ಳೋದೂ ಕೇಳ್ಸುತ್ತೆ. ಅವತ್ತು ನಂಗದು ತಪ್ಪು ಅನ್ನಿಸ್ತು. ಬಾವಿಗೆ ಇಳಿಯೋರು ಹಂಗೇ ಉಸಿರು ಎಳ್ಕೋತಾರೆ ಅಂತ ಭಾಗ್ಯ ಹೇಳ್ತಾಳೆ.

ಎರಡನೇ ಚರಣದಲ್ಲಿ ಇರಣ್ಣ ಸರಿಯಾಗಿದ್ದ. ಒಂದು ಕೂದಲೆಳೆಯೂ ಹಿಂದಿಲ್ಲ.

ಎರಡು ನಿಮಿಷ ದಾಟಿದ ಮೇಲೆ ಪಕ್ಕದ ಪ್ರೆಸ್ಸು. ಢಂ. ಮೊದಲ ಏಟಿಗೆ ಎಲ್ಲರೂ ತಬ್ಬಿಬ್ಬಾದ್ರಿ. ಎರಡನೇ ಏಟಿಗೆ ಬಸಲಿಂಗ ಡ್ರಮ್ ನಿಲ್ಲಿಸಿ ಕಾಯ್ದ. ಮೂರನೇ ಏಟಿನ ಮೇಲೇ ಅವನ ಏಟು ಬಿತ್ತು. ಅಲ್ಲಿಂದ ನೀವು ನಾಲ್ಕಲ್ಲ, ಐದು ಜನ. ಪೀಣ್ಯ ಪೂರ್ತಿ ನಿನ್ನ ಹಿಂದೆ ನಿಂತು ನುಡಿಸ್ತಿರೋ ಹಂಗಿತ್ತು ಮಗಳೇ. ಇಷ್ಟು ಚೆನ್ನಾಗಿರೋದನ್ನ ನಾನು ನನ್ನ ಜನ್ಮದಲ್ಲಿ ಇನ್ನೊಂದು ಕೇಳಿಲ್ಲ.

ಮೂರು ನಿಮಿಷ ಹತ್ತು ಸೆಕೆಂಡ್. ಕೊನೇ ಮೆಟ್ಟಿಲು. ನೀನು ಮೇಲಿನ ಸ್ವರಕ್ಕೆ ಹೋದೆ. ಅಲ್ಲಿ ದನಿ ಒಡೀತು. ಒಡೆದ್ರೂ ನೀನು ಕೆಳಗಿಳೀಲಿಲ್ಲ. ಆ ಒಡೆದ ದನೀಲೇ ಹಿಡ್ಕೊಂಡು ನಿಂತೆ. ಪ್ರೆಸ್ಸು ಎರಡು ಸಲ ಬಿತ್ತು. ನೀನಿನ್ನೂ ನಿಂತಿದ್ದೆ. ಆಮೇಲೆ ನೀನು ಮತ್ತೆ “ಒಂದು” ಅಂತ ಎಣಿಸ್ದೆ, ನಾನು ಬಟನ್ ಒತ್ತಿ ನಿಲ್ಲಿಸ್ದೆ.